ಲೂಪಸ್ ಇರುವ ತಾಯಿಗೆ ಬೆನ್ನೆಲುಬಿನ ಮಣಿ ಕುಸಿದಿದೆ, ಸ್ಕ್ಯಾನ್ ವರದಿ ಮಾತ್ರ ‘ಆಸ್ಟಿಯೊಪೊರೋಸಿಸ್ ಅಲ್ಲ’ ಎನ್ನುತ್ತಿದೆ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ಈಗ 63 ವರ್ಷ. ತೀರ್ಥಹಳ್ಳಿ ಸಮೀಪದ ಊರಿನಲ್ಲಿ ತಂದೆಯವರೊಂದಿಗೆ ಇದ್ದಾರೆ. 2006ರಲ್ಲಿ, ಅವರ 44ನೇ ವಯಸ್ಸಿನಲ್ಲಿ, ಲೂಪಸ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ಎರಗುವ ರೋಗ) ಇದೆಯೆಂದು ಗೊತ್ತಾಯಿತು. ಬೆರಳಿನ ಗಂಟುಗಳ ನೋವು ಮತ್ತು ಕೆನ್ನೆಯ ಮೇಲಿನ ಕೆಂಪಿನಿಂದ ಶುರುವಾದದ್ದು ಮೂತ್ರಪಿಂಡಕ್ಕೂ ಬಂದಾಗ ಆರು ತಿಂಗಳು ಆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಫಾಸ್ಫಮೈಡ್ ಡ್ರಿಪ್ ಕೊಟ್ಟರು, ಆ ಚಿಕಿತ್ಸೆಯ ನಡುವೆಯೇ ಅವರ ಮುಟ್ಟು ನಿಂತುಹೋಯಿತು. ದಿನಕ್ಕೆ 40 ಮಿ.ಗ್ರಾಂ. ಇದ್ದ ವೈಸೊಲೋನ್ (ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ) ಇಳಿಯುತ್ತಾ ಬಂದು ಹನ್ನೊಂದು ವರ್ಷಗಳಿಂದ 5 ಮಿ.ಗ್ರಾಂ.ನಲ್ಲಿ ನಿಂತಿದೆ. ಜೊತೆಗೆ ಲೂಪಸ್‌ಗೆಂದೇ ಹೈಡ್ರಾಕ್ಸಿಕ್ಲೊರೊಕ್ವಿನ್ ಮಾತ್ರೆ ಇದೆ.

ಐದು ವಾರಗಳ ಹಿಂದೆ ಬೆಳಿಗ್ಗೆ ಬಚ್ಚಲಿಗೆ ನೀರು ತರಲೆಂದು ಬಗ್ಗಿ ಕೊಡ ಎತ್ತಿದಾಗ ನಡುಬೆನ್ನಿನಲ್ಲಿ ಏನೋ ಮುರಿದಂತೆ ಚಳಕು ಬಂದು ಅಲ್ಲೇ ಕುಳಿತುಬಿಟ್ಟರು. ಉಳುಕು ಎಂದುಕೊಂಡು ಎರಡು ವಾರ ಎಣ್ಣೆ ಹಚ್ಚಿ ತಿಕ್ಕಿಸಿದೆವು. ಹಾಗೆ ಮಾಡಬಾರದಿತ್ತೆಂದು ಈಗ ಸಂಕಟವಾಗುತ್ತಿದೆ. ನೋವು ಕಡಿಮೆಯಾಗದೆ ಎಕ್ಸ್-ರೇ ತೆಗೆಸಿದಾಗ ಎದೆಭಾಗದ ಹನ್ನೆರಡನೆಯ ಮಣಿ ಮುಂದುಗಡೆ ಕುಸಿದಿರುವುದು ಕಂಡಿತು. ಆಮೇಲೆ ಮಾಡಿಸಿದ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಬೆನ್ನಿನಲ್ಲಿ ಮೈನಸ್ 1.8, ತೊಡೆಮೂಳೆಯ ಕತ್ತಿನಲ್ಲಿ ಮೈನಸ್ 2.1 ಎಂದಿದೆ. ವರದಿಯ ಕೊನೆಯಲ್ಲಿ ‘ಆಸ್ಟಿಯೊಪೀನಿಯಾ’ ಎಂದು ಬರೆದಿದ್ದಾರೆ, ಅಂದರೆ ಮೂಳೆ ತೆಳುವಾಗಿದೆ, ಆದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ) ಎನ್ನುವಷ್ಟಿಲ್ಲ.

ಇದನ್ನು ನೋಡಿದ ಒಬ್ಬ ವೈದ್ಯರು, ವಯಸ್ಸಿಗೆ ಇದು ಸಹಜ, ಕ್ಯಾಲ್ಸಿಯಂ ಮಾತ್ರೆ ಸಾಕು ಎಂದರು. ಲೂಪಸ್ ನೋಡುವ ತಜ್ಞರು ಮಾತ್ರ ಕೂಡಲೇ ಮೂಳೆಯ ಚಿಕಿತ್ಸೆ ಆರಂಭಿಸಬೇಕು ಎನ್ನುತ್ತಿದ್ದಾರೆ. ತಂದೆಯವರಿಗೆ ಇನ್ನೂ ಒಂದು ಔಷಧಿ ಸೇರುವುದು ಬೇಡವಾಗಿದೆ. ಸ್ಟೀರಾಯ್ಡ್‌ನಿಂದಲೇ ಹೀಗಾಗಿದ್ದರೆ ಅದನ್ನೇ ನಿಲ್ಲಿಸಿದರಾಯಿತಲ್ಲ ಎಂಬುದು ಅವರ ಮಾತು. ಸ್ಕ್ಯಾನ್‌ನ ಅಂಕಿ ಅಷ್ಟೇನೂ ಕೆಟ್ಟದಾಗಿಲ್ಲದಿರುವಾಗ ಮೂಳೆ ಏಕೆ ಮುರಿಯಿತು? ಯಾರ ಮಾತನ್ನು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಸಂಧಿವೈದ್ಯ

ನಾನು ಸಂಧಿವಾತ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮ ತಾಯಿಯವರನ್ನು ನಾನು ಕಣ್ಣಾರೆ ನೋಡಿಲ್ಲ. ಆದ್ದರಿಂದ ಇಲ್ಲಿ ಬರೆಯುವುದನ್ನು ಅವರ ತಜ್ಞರ ಮುಂದಿಟ್ಟು ಚರ್ಚಿಸಬೇಕಾದ ವಿಷಯವೆಂದು ತಿಳಿಯಿರಿ. ಆದರೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಕೊಡ ಎತ್ತಿದ್ದಕ್ಕೇ ಬೆನ್ನೆಲುಬಿನ ಮಣಿ ಕುಸಿದಿದೆಯೆಂದರೆ, ಕುಸಿತಕ್ಕೆ ಗಡ್ಡೆ, ಸೋಂಕಿನಂಥ ಬೇರೆ ಕಾರಣ ಇಲ್ಲವೆಂದು ಖಚಿತವಾದ ಮೇಲೆ, ಅದು ಆಸ್ಟಿಯೊಪೊರೋಸಿಸ್. ಟಿ-ಸ್ಕೋರ್ ಆಸ್ಟಿಯೊಪೊರೋಸಿಸ್ ಎನ್ನಲು ಬಳಸುವ ಮೈನಸ್ 2.5ರ ಗೆರೆ ದಾಟಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಆ ಮುರಿತವೇ ರೋಗನಿರ್ಣಯ.

ನಮ್ಮ ಭಾಷೆಯಲ್ಲಿ ‘ಸವೆತ’ ಎಂಬ ಒಂದೇ ಪದವನ್ನು ಎರಡು ಕಾಯಿಲೆಗಳಿಗೆ ಬಳಸುತ್ತೇವೆ. ಮಂಡಿ ಸವೆದಿದೆ ಎನ್ನುವಾಗ ಸವೆದಿರುವುದು ಕೀಲಿನ ಮೃದ್ವಸ್ಥಿ. ಮೂಳೆ ಸವೆದಿದೆ ಎನ್ನುವಾಗ ಮೂಳೆಯೇ ಒಳಗೊಳಗೆ ಟೊಳ್ಳಾಗಿರುತ್ತದೆ. ಮೊದಲನೆಯದು ನೋಯುತ್ತದೆ, ಎರಡನೆಯದು ಮುರಿಯುವವರೆಗೆ ಸಾಮಾನ್ಯವಾಗಿ ನೋಯುವುದೇ ಇಲ್ಲ. ‘ವಯಸ್ಸಿಗೆ ಸಹಜವಾದ ಸವೆತ’ ಎಂಬ ಮಾತು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ, ಅದರಿಂದ ಎಷ್ಟೋ ತಾಯಂದಿರಿಗೆ ಸಿಗಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಡೆಯ ಹಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳಿ. ಪಕ್ಕಾಸು, ರೀಪುಗಳ ಒಟ್ಟು ಮರದ ತೂಕ ಎಷ್ಟೆಂದು ಅಳೆದರೆ ಅದೊಂದು ಅಂಕಿ. ಆದರೆ ರೀಪುಗಳು ಅಲ್ಲಲ್ಲಿ ತುಂಡಾಗಿ, ಮೊಳೆ ಸಡಿಲಾಗಿ, ಒಂದಕ್ಕೊಂದು ಆಸರೆ ತಪ್ಪಿದ್ದರೆ ಮರದ ತೂಕ ಹೆಚ್ಚೇನೂ ಇಳಿಯದೆಯೇ ಮಾಡು ಕೂರುತ್ತದೆ. ಡೆಕ್ಸಾ ಅಳೆಯುವುದು ಮೂಳೆಯಲ್ಲಿರುವ ಖನಿಜವನ್ನು ಮಾತ್ರ, ಆ ಜೋಡಣೆಯನ್ನು ಅಲ್ಲ. ಬೆನ್ನೆಲುಬಿನ ಮಣಿಯ ಒಳಭಾಗ ಜೇನುಹುಟ್ಟಿನಂತೆ ಹೆಣೆದ ಮೂಳೆ. ಸ್ಟೀರಾಯ್ಡ್ ಮೊದಲು ಕೈಯಿಡುವುದು ಅಲ್ಲಿಗೇ. ಮೂಳೆಯಲ್ಲಿ ಕೆಡವುವ ಕೋಶಗಳೂ ಕಟ್ಟುವ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ಮುಟ್ಟು ನಿಂತಾಗ ಕೆಡವುವ ಕೆಲಸ ಹೆಚ್ಚುತ್ತದೆ. ಸ್ಟೀರಾಯ್ಡ್ ಕಟ್ಟುವ ಕೋಶಗಳನ್ನೇ ಕೊಲ್ಲುತ್ತದೆ, ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಅನ್ನು ಹೆಚ್ಚಿಸುತ್ತದೆ. ಈ ನಷ್ಟ ಮಾತ್ರೆ ಆರಂಭಿಸಿದ ಮೊದಲ ಮೂರರಿಂದ ಆರು ತಿಂಗಳಲ್ಲಿ ಅತಿ ವೇಗವಾಗಿ ಆಗುತ್ತದೆ. ನಿಮ್ಮ ತಾಯಿಯವರು 40 ಮಿ.ಗ್ರಾಂ. ತೆಗೆದುಕೊಂಡ ಆ ದಿನಗಳಲ್ಲೇ ಬಹುಶಃ ಮಾಡಿನ ರೀಪುಗಳು ಹೋದವು. ಆಮೇಲಿನ 5 ಮಿ.ಗ್ರಾಂ. ಕೂಡ ನಿರಪಾಯವಲ್ಲ, ದಿನಕ್ಕೆ 2.5ರಿಂದ 7.5 ಮಿ.ಗ್ರಾಂ. ನಡುವಿನ ಪ್ರಮಾಣದಲ್ಲಿಯೂ ಬೆನ್ನೆಲುಬಿನ ಮುರಿತ ಹೆಚ್ಚುತ್ತದೆ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2022ರ ಮಾರ್ಗಸೂಚಿಯಲ್ಲಿ, 2.5 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಮೂರು ತಿಂಗಳು ಮೀರಿ ತೆಗೆದುಕೊಳ್ಳುವ ಎಲ್ಲ ವಯಸ್ಕರ ಮೂಳೆಯ ಅಪಾಯವನ್ನು ಅಳೆಯಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಮುರಿತ ಆಗಲೇ ಆಗಿರುವವರನ್ನು ಅದು ‘ಅತಿ ಹೆಚ್ಚಿನ ಅಪಾಯ’ದ ಗುಂಪಿನಲ್ಲಿಡುತ್ತದೆ.

ಮೈನಸ್ 2.5 ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 1994ರಲ್ಲಿ ಗೊತ್ತುಮಾಡಿದ್ದು ಮುಟ್ಟು ನಿಂತ ಮಹಿಳೆಯರನ್ನು ಸಾಮಾನ್ಯವಾಗಿ ಗಮನದಲ್ಲಿಟ್ಟುಕೊಂಡು. ಸ್ಟೀರಾಯ್ಡ್ ತಿನ್ನುವವರ ಮೂಳೆ ಆ ಗೆರೆಗಿಂತ ಎಷ್ಟೋ ಮೇಲೆಯೇ ಮುರಿಯುತ್ತದೆ. ಅರವತ್ತು ದಾಟಿದವರ ಸೊಂಟದ ಮಣಿಗಳ ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆದಿದ್ದರೆ ಸ್ಕ್ಯಾನ್‌ನಲ್ಲಿ ಬೆನ್ನಿನ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುವುದೂ ಉಂಟು. ಇನ್ನು ಹತ್ತು ವರ್ಷದ ಮುರಿತದ ಅಪಾಯವನ್ನು ಲೆಕ್ಕಹಾಕುವ ಫ್ರಾಕ್ಸ್ ಎಂಬ ಸಾಧನದಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಪ್ರತ್ಯೇಕ ಪ್ರಶ್ನೆಯಿದೆ, ಲೂಪಸ್‌ಗೆ ಇಲ್ಲ. ಸ್ಟೀರಾಯ್ಡ್‌ಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದು, ಎಷ್ಟು ವರ್ಷ ತಿಂದರೆಂಬುದನ್ನು ಅದು ಕೇಳುವುದಿಲ್ಲ. ಹಾಗಾಗಿ ಲೂಪಸ್ ಇರುವವರಲ್ಲಿ ಅಲ್ಲಿ ಬರುವ ಶೇಕಡಾವಾರು ಅಂಕಿ ನಿಜಕ್ಕಿಂತ ಕಡಿಮೆಯಿರಬಹುದು.

ತಂದೆಯವರಿಗೆ ದಯವಿಟ್ಟು ಹೇಳಿ: ಇಷ್ಟು ವರ್ಷ ತಿಂದ ವೈಸೊಲೋನ್ ಅನ್ನು ಒಮ್ಮೆಲೇ ನಿಲ್ಲಿಸಬಾರದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನ್ ತಯಾರಿಸುವ ಅಭ್ಯಾಸವನ್ನೇ ಕಳೆದುಕೊಂಡಿರುತ್ತವೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅಲ್ಲದೆ ಲೂಪಸ್ ಕೆರಳಿದರೆ ಆ ಉರಿಯೂತವೂ ಕೆಡವುವ ಕೋಶಗಳನ್ನು ಬಡಿದೆಬ್ಬಿಸುತ್ತದೆ, ಮತ್ತೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಬೇಕಾಗುತ್ತದೆ. ಕಾಯಿಲೆ ಶಾಂತವಾಗಿದ್ದರೆ ನಿಧಾನವಾಗಿ ಇಳಿಸುತ್ತಾ ಸಾಧ್ಯವಾದರೆ ನಿಲ್ಲಿಸುವುದೇ ಈಗಿನ ಪದ್ಧತಿ. ಅದನ್ನು ತಜ್ಞರನ್ನು ಕೇಳಿಯೇ ಮಾಡಬೇಕು.

ಚಿಕಿತ್ಸೆಯಲ್ಲಿ ಆಯ್ಕೆಗಳಿವೆ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಕೆಡವುವ ಕೋಶಗಳನ್ನು ತಡೆಯುತ್ತವೆ. ಟೆರಿಪರಟೈಡ್ ಎಂಬ ದಿನನಿತ್ಯದ ಚುಚ್ಚುಮದ್ದು ಕಟ್ಟುವ ಕೋಶಗಳನ್ನು ಚುರುಕುಗೊಳಿಸುತ್ತದೆ. ಸ್ಟೀರಾಯ್ಡ್ ಹಾಳುಮಾಡಿದ್ದು ಕಟ್ಟುವ ಕೆಲಸವನ್ನೇ ಆದ್ದರಿಂದ, ಮುರಿತ ಆಗಿರುವವರಲ್ಲಿ ಟೆರಿಪರಟೈಡ್ ಅನ್ನು ಮೊದಲು ಕೊಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಮೇಲೆ ಹೇಳಿದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಎರಡು ವರ್ಷದ ಕೋರ್ಸ್ ಮುಗಿದ ಮೇಲೆ ಡ್ರಿಪ್ ಅಥವಾ ಮಾತ್ರೆ ಕೊಡದಿದ್ದರೆ ಕಟ್ಟಿಕೊಂಡದ್ದು ಮತ್ತೆ ಕರಗಿಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರಾದ್ದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ನೋಡದೆ ಯಾವುದನ್ನೂ ಆರಂಭಿಸಬಾರದು. ಮೂತ್ರಪಿಂಡ ರಕ್ತವನ್ನು ಸೋಸುವ ವೇಗವಾದ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆಯಿದ್ದರೆ ಜೊಲೆಡ್ರೊನಿಕ್ ಆಮ್ಲ ಕೊಡುವಂತಿಲ್ಲ. ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆಯಿದ್ದರೆ ಡ್ರಿಪ್‌ಗೆ ಮೊದಲು ಅದನ್ನು ತುಂಬಿಸಬೇಕು.

ಧಾರವಾಡದ ಟೀಚರ್

ತಂಗಿ, ನಿಮ್ಮ ತಾಯಿಯವರ ಕಾಯಿಲೆ ನನ್ನದಲ್ಲ, ಆದರೆ ಅದೇ ಕುಟುಂಬದ್ದು. ನನಗೆ 59 ವರ್ಷ, ಹದಿನೈದು ವರ್ಷಗಳಿಂದ ಸ್ಕ್ಲೀರೊಡರ್ಮಾ ಇದೆ. ಬೆರಳುಗಳ ಚರ್ಮ ಬಿಗಿದು ಹೊಳೆಯುತ್ತದೆ, ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಗಿ ಕೆಲಸ ಬಿಟ್ಟೆ. ಈ ಕಾಯಿಲೆ ಚರ್ಮವನ್ನಷ್ಟೇ ಅಲ್ಲ, ಅನ್ನನಾಳವನ್ನೂ ಕಾಡುತ್ತದೆ ಎಂಬುದನ್ನು ನಾನು ಅರಿತದ್ದು ಮೂಳೆಯ ಮಾತ್ರೆಯಿಂದ.

ಮೂರು ವರ್ಷಗಳ ಹಿಂದೆ ಮಣಿಕಟ್ಟು ಮುರಿದಾಗ ವಾರಕ್ಕೊಂದು 70 ಮಿ.ಗ್ರಾಂ. ಅಲೆಂಡ್ರೊನೇಟ್ ಬರೆದುಕೊಟ್ಟರು. ಸೋಮವಾರ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಬಗ್ಗದೆ, ಚಹಾ ಕೂಡ ಕುಡಿಯದೆ ನೆಟ್ಟಗೆ ಇರಬೇಕು. ಸೋಮವಾರ ಬಾಗಿಲ ಮುಂದಿನ ರಂಗೋಲಿಯನ್ನು ಸೊಸೆಗೆ ಬಿಟ್ಟುಕೊಟ್ಟು ಅಷ್ಟನ್ನೂ ತಪ್ಪದೆ ಪಾಲಿಸಿದೆ. ಆದರೂ ನಾಲ್ಕನೆಯ ವಾರಕ್ಕೆ ಎದೆಯ ನಡುವೆ ಕೆಂಡ ಇಟ್ಟಂತಾಗಿ ಅನ್ನ ನುಂಗುವಾಗ ಕಣ್ಣಲ್ಲಿ ನೀರು ಬರತೊಡಗಿತು. ಮಾತ್ರೆ ಅನ್ನನಾಳದಲ್ಲೇ ತಡೆದು ನಿಂತು ಹುಣ್ಣು ಮಾಡಿತ್ತು. ಅನ್ನನಾಳದ ತೊಂದರೆ ಇರುವವರಿಗೆ ಆ ಮಾತ್ರೆ ಸಲ್ಲದು ಎಂದು ಆಮೇಲೆ ತಜ್ಞರು ಹೇಳಿದರು. ಬರೆದುಕೊಟ್ಟವರು ನುಂಗಲು ತೊಂದರೆಯಿದೆಯೇ ಎಂದು ಕೇಳಿರಲಿಲ್ಲ, ನಾನಾಗಿ ಹೇಳಬೇಕೆಂಬುದೂ ನನಗೆ ಹೊಳೆದಿರಲಿಲ್ಲ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ವರ್ಷಕ್ಕೊಮ್ಮೆ 5 ಮಿ.ಗ್ರಾಂ. ಡ್ರಿಪ್ ಹಾಕಿಸಿಕೊಳ್ಳುತ್ತೇನೆ. ಅರ್ಧ ಗಂಟೆಯ ಕೆಲಸ. ನನ್ನ ಕೈಯಲ್ಲಿ ನರ ಸಿಗುವುದು ಕಷ್ಟವಾದ್ದರಿಂದ ಬಿಸಿನೀರಿನ ಚೀಲ ಹಿಡಿದುಕೊಂಡು ಕೂರುತ್ತೇನೆ. ಮೊದಲ ವರ್ಷ ಅದೇ ರಾತ್ರಿ ಮೈಕೈ ನೋವು, ಚಳಿಜ್ವರ ಬಂದು ಎರಡು ದಿನ ಇತ್ತು, ಪ್ಯಾರಸಿಟಮಾಲ್‌ನಿಂದ ಇಳಿಯಿತು. ಎರಡನೆಯ ವರ್ಷ ಏನೂ ಆಗಲಿಲ್ಲ. ನಿಮ್ಮ ತಾಯಿಯವರು ಡ್ರಿಪ್ ತೆಗೆದುಕೊಳ್ಳುವುದಾದರೆ ಮುಂಚೆಯೇ ಹಲ್ಲಿನ ವೈದ್ಯರಲ್ಲಿ ತೋರಿಸಿ, ಕೀಳಿಸಬೇಕಾದ ಹಲ್ಲಿದ್ದರೆ ಕೀಳಿಸಿ, ಗಾಯ ಮಾಯಲು ಬಿಡಿ. ಆಮೇಲೆ ಕೀಳಿಸಿದರೆ ದವಡೆಯ ಮೂಳೆ ಮಾಯದೆ ಉಳಿಯುವ ಸಂಭವವಿದೆ. ಅದು ಅಪರೂಪವಂತೆ, ಆದರೂ ಮುಂಜಾಗ್ರತೆಗೆ ಖರ್ಚಾಗುವುದು ಒಂದು ದಿನ ಮಾತ್ರ.

ರಾಗಿಕಣಜ

ಮಾತ್ರೆಗಳ ಜೊತೆಗೆ ಊಟದ ಕಡೆಯೂ ಗಮನವಿರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅತ್ಯಲ್ಪ. ಮಲೆನಾಡಿನ ಊಟ ಹೆಚ್ಚಾಗಿ ಅಕ್ಕಿಯದಾದ್ದರಿಂದ ದಿನಕ್ಕೊಂದು ಹೊತ್ತು ರಾಗಿ ರೊಟ್ಟಿಯನ್ನೋ ಅಂಬಲಿಯನ್ನೋ ರೂಢಿಸಿಕೊಳ್ಳುವುದು ಒಳ್ಳೆಯದು. ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುವ ಫೈಟೇಟ್ ಕಡಿಮೆಯಾಗುತ್ತದೆ. ಎಳ್ಳು, ಮಜ್ಜಿಗೆ, ನುಗ್ಗೆಸೊಪ್ಪು ಕೂಡ ಇರಲಿ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ವಿಟಮಿನ್ ಡಿ ತಾನಾಗಿಯೇ ಸಿಗುತ್ತದೆ.

ಸಂಧಿವೈದ್ಯ

ರಾಗಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕೊನೆಯ ಸಾಲನ್ನು ಲೂಪಸ್ ಇರುವ ಮನೆಯವರು ಅನುಸರಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬಿಸಿಲಿನ ಅತಿನೇರಳೆ ಕಿರಣ ಲೂಪಸ್ ಅನ್ನು ಕೆರಳಿಸುತ್ತದೆ, ಚರ್ಮವನ್ನು ಮಾತ್ರವಲ್ಲ, ಕೆಲವೊಮ್ಮೆ ಒಳಗಿನ ಅಂಗಗಳಲ್ಲಿಯೂ. ನಮ್ಮ ರೋಗಿಗಳಿಗೆ ಕೊಡೆ ಹಿಡಿಯಿರಿ, ತುಂಬುತೋಳು ಹಾಕಿ ಎಂದು ನಾವೇ ಹೇಳುತ್ತೇವೆ. ಹಾಗೆ ಬಿಸಿಲು ತಪ್ಪಿಸಿದ್ದರಿಂದ ಅವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ, ಮೂಳೆಗೆ ಬೀಳುವ ಹೊಡೆತಗಳಲ್ಲಿ ಅದೂ ಒಂದು. ಅವರಿಗೆ ಡಿ ಬರಬೇಕಾದದ್ದು ಬಿಸಿಲಿನಿಂದಲ್ಲ, ಔಷಧಿಯಿಂದ. ಅದೂ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ವಾರ ಮಾತ್ರ. 60,000 ಯೂನಿಟ್‌ನ ಸ್ಯಾಚೆಟ್ ಅನ್ನು ದಿನವೂ ಕುಡಿದು ಕ್ಯಾಲ್ಸಿಯಂ ವಿಪರೀತ ಏರಿ ಮೂತ್ರಪಿಂಡ ಹಾಳಾಗಿ ಬಂದವರನ್ನು ನೋಡಿದ್ದೇನೆ.

ಊಟ ಮತ್ತು ಮಾತ್ರೆ ಸೇರಿ ದಿನಕ್ಕೆ ಸಾವಿರದಿಂದ ಸಾವಿರದ ಇನ್ನೂರು ಮಿ.ಗ್ರಾಂ. ಕ್ಯಾಲ್ಸಿಯಂ ಸಾಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರವಿರಲಿ.

ನಡಿಗೆ

ನಾನು ಫಿಸಿಯೊಥೆರಪಿಸ್ಟ್. ಉಳುಕು ತೆಗೆಸುವುದನ್ನು, ಬೆನ್ನು ತುಳಿಸುವುದನ್ನು ದಯವಿಟ್ಟು ಪೂರ್ತಿ ನಿಲ್ಲಿಸಿ. ಕುಸಿದಿರುವುದು ಮಣಿಯ ಮುಂಭಾಗವಾದ್ದರಿಂದ ಮುಂದಕ್ಕೆ ಬಗ್ಗಿದಷ್ಟೂ ಭಾರ ಅಲ್ಲಿಗೇ ಬೀಳುತ್ತದೆ. ನೆಲದ ಮೇಲೆ ಕುಳಿತು ಬಗ್ಗಿ ತರಕಾರಿ ಹೆಚ್ಚುವುದು, ಬಗ್ಗಿ ಕಸ ಗುಡಿಸುವುದು, ಬಾವಿಯಿಂದ ನೀರು ಸೇದುವುದು ಈಗ ಬೇಡ. ಯೋಗ ಮಾಡುವವರಾದರೆ ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳನ್ನು ಬಿಡಬೇಕು. ಹಾಸಿಗೆಯಿಂದ ಏಳುವಾಗ ಮೊದಲು ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಕೆಳಗೆ ಬಿಟ್ಟು, ಕೈ ಊರಿ ಏಳಲಿ. ಹಾಗೆಂದು ಮಲಗಿಸಿಯೇ ಇಡಬೇಡಿ, ಮಲಗಿದರೆ ಮೂಳೆ ಇನ್ನೂ ಬೇಗ ಕರಗುತ್ತದೆ. ನೋವು ತಾಳುವಷ್ಟು ನಡೆಯಲಿ. ಮಳೆಗಾಲದಲ್ಲಿ ನಿಮ್ಮ ಕಡೆಯ ಅಂಗಳ ಪಾಚಿಗಟ್ಟುತ್ತದೆ, ಬಚ್ಚಲು ದೂರವಿರುತ್ತದೆ. ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ದಾರಿ ಮಾಡಿ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಆ ದಾರಿಯಲ್ಲಿ ದೀಪ ಇರಲಿ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ. ತಾಯಿಯವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ, ಹಳೆಯ ದಾಖಲೆಯಲ್ಲಿರುವ ಎತ್ತರದೊಂದಿಗೆ ಹೋಲಿಸಿ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆವು. 2006ರ ಆಸ್ಪತ್ರೆಯ ಚೀಟಿಯಲ್ಲಿ 155 ಸೆಂ.ಮೀ. ಎಂದಿದೆ, ಈಗ 150 ಬರುತ್ತಿದೆ. ಸೀರೆಯ ಅಂಚು ನೆಲಕ್ಕೆ ತಾಗುತ್ತಿದೆ ಎಂದು ಅಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದರು, ನಾವು ಗಮನ ಕೊಟ್ಟಿರಲಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಡೆನೊಸುಮಾಬ್ ಎಂಬ ಚುಚ್ಚುಮದ್ದು ಮೂತ್ರಪಿಂಡಕ್ಕೆ ಒಳ್ಳೆಯದೆಂದು ಒಬ್ಬರು ಸಂಬಂಧಿಕರು ಹೇಳಿದರು. ಅದು ಆಗಬಹುದೇ?

ಸಂಧಿವೈದ್ಯ

5 ಸೆಂ.ಮೀ. ಕುಗ್ಗಿರುವುದು ಒಂದೇ ಮಣಿಯಿಂದ ಆಗಿರಲಾರದು. ಎದೆ ಮತ್ತು ಸೊಂಟದ ಇಡೀ ಬೆನ್ನೆಲುಬನ್ನು ಪಕ್ಕದಿಂದ ಎಕ್ಸ್-ರೇ ತೆಗೆಸಿ. ಬೆನ್ನೆಲುಬಿನ ಮುರಿತಗಳಲ್ಲಿ ಹೆಚ್ಚಿನವು ಗೊತ್ತೇ ಆಗದೆ ನಡೆದುಹೋಗಿರುತ್ತವೆ.

ಡೆನೊಸುಮಾಬ್ ಮೂತ್ರಪಿಂಡದ ಮೂಲಕ ಹೊರಹೋಗುವುದಿಲ್ಲ ಎಂಬುದು ನಿಜ. ಆದರೆ ಅದಕ್ಕೊಂದು ಕಠಿಣ ನಿಯಮವಿದೆ: ಆರು ತಿಂಗಳಿಗೊಮ್ಮೆ ಎಂದರೆ ಆರು ತಿಂಗಳಿಗೊಮ್ಮೆಯೇ. ಒಂದು ಡೋಸ್ ತಪ್ಪಿದರೆ ಅಥವಾ ಬೇರೆ ಔಷಧಿ ಕೊಡದೆ ನಿಲ್ಲಿಸಿದರೆ ತಡೆದಿಟ್ಟ ಕೆಡವುವ ಕೋಶಗಳು ಒಮ್ಮೆಲೇ ಎದ್ದು, ಕೆಲವೇ ತಿಂಗಳಲ್ಲಿ ಹಲವು ಮಣಿಗಳು ಒಟ್ಟಿಗೆ ಕುಸಿಯಬಹುದು. ಮಳೆಗಾಲದಲ್ಲಿ ಪೇಟೆಗೆ ಹೋಗುವುದೇ ಕಷ್ಟವಾಗುವ ಮನೆಗೆ ಅದನ್ನು ಬರೆಯುವ ಮೊದಲು ನಾನು ಎರಡು ಬಾರಿ ಯೋಚಿಸುತ್ತೇನೆ. ಮೂತ್ರಪಿಂಡದ ಅಂಕಿ ಚೆನ್ನಾಗಿದ್ದರೆ ಅದರ ಅಗತ್ಯವೂ ಇಲ್ಲ.

ತುಂಗಾತೀರ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಪಕ್ಕದ ಎಕ್ಸ್-ರೇಯಲ್ಲಿ ಎಂಟನೆಯ ಮಣಿಯೂ ಹಿಂದೆಯೇ ಕುಸಿದಿದ್ದು ಕಂಡಿತು. ಮೂರು ವರ್ಷದ ಹಿಂದೆ ಬಂದ ನೋವನ್ನು ವಾಯು ಎಂದುಕೊಂಡು ಅಮ್ಮ ಹಿಂಗು ಹಾಕಿದ ಮಜ್ಜಿಗೆ ಕುಡಿದಿದ್ದರಂತೆ. ರಕ್ತಪರೀಕ್ಷೆಗಳಲ್ಲಿ ಬೇರೆ ಕಾರಣ ಯಾವುದೂ ಸಿಗಲಿಲ್ಲ. ಕ್ರಿಯಾಟಿನಿನ್ ಕ್ಲಿಯರೆನ್ಸ್ 58 ಇದೆ, ವಿಟಮಿನ್ ಡಿ ಕಡಿಮೆಯಾಗಿ 11 ಬಂದಿದೆ, ಅದಕ್ಕೆ ವಾರಕ್ಕೊಂದು ಸ್ಯಾಚೆಟ್‌ನಂತೆ ಎಂಟು ವಾರ ಬರೆದಿದ್ದಾರೆ. ವೈಸೊಲೋನ್ ಅನ್ನು ತಿಂಗಳಿಗೆ ಒಂದೊಂದು ಮಿ.ಗ್ರಾಂ.ನಂತೆ ಇಳಿಸಿ ನೋಡೋಣ ಎಂದಿದ್ದಾರೆ.

ಟೆರಿಪರಟೈಡ್ ಆರಂಭವಾಗಿದೆ. ಪೆನ್ನಿನಂತಿರುವ ಅದನ್ನು ತಂದೆಯವರೇ ರಾತ್ರಿ ಊಟವಾದ ಮೇಲೆ ಅಮ್ಮನ ಹೊಟ್ಟೆಯ ಚರ್ಮಕ್ಕೆ ಚುಚ್ಚುತ್ತಾರೆ. ಔಷಧಿಯೇ ಬೇಡವೆಂದಿದ್ದವರು ಈಗ ಚುಚ್ಚಿದ ಜಾಗವನ್ನೂ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾರೆ. ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ನಮ್ಮಲ್ಲಿ ಮಳೆ ಹಿಡಿದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಪೇಟೆಯ ಔಷಧಿ ಅಂಗಡಿಯವರು ಐಸ್ ಪ್ಯಾಕ್ ಇರುವ ಸಣ್ಣ ಪೆಟ್ಟಿಗೆಯೊಂದನ್ನು ಕೊಟ್ಟು, ಪೆನ್ನು ಐಸ್‌ಗೆ ನೇರವಾಗಿ ತಾಗಿ ಹೆಪ್ಪುಗಟ್ಟಬಾರದು, ಬಟ್ಟೆ ಸುತ್ತಿ ಇಡಿ ಎಂದು ಹೇಳಿದ್ದಾರೆ. ಹಲ್ಲಿನ ವೈದ್ಯರ ಬಳಿ ಬರುವ ಬುಧವಾರ ಹೋಗುತ್ತೇವೆ.